ಬೇಡದ ಮರಿಗಳನ್ನು ಬೀದಿಗೆ ಬಿಡಬೇಡಿ

ಬೆಟಗೇರಿಯ ನೇಕಾರರ ಓಣಿಯಿರಲಿ, ಲಕ್ಷ್ಮೇಶ್ವರದ ಸಂತೆಯಿರಲಿ, ಶಿರಹಟ್ಟಿ, ಮುಂಡರಗಿಗಳ ಬಸ್ ನಿಲ್ದಾಣವಿರಲಿ, ಬಡಕಲು ನಾಯಿಮರಿಗಳು ಕಾಲಿಗೆ ತೊಡರುವುದು ಸಾಮಾನ್ಯ ದೃಶ್ಯ. ಇವೆಲ್ಲ ಬೀದಿಯಲ್ಲೇ ಹುಟ್ಟಿದವಲ್ಲ. ಜೋಳದ ಚೀಲಕ್ಕೆ ಇಲಿ ಬೀಳದಿರಲೆಂದು ಸಾಕಿದ ಬೆಕ್ಕು, ಹೊಲಮನೆ ಕಾಯಲೆಂದು ಸಾಕಿದ ನಾಯಿ ಮರಿ ಹಾಕಿದಾಗ ಒಂದೆರಡನ್ನು ಬೀಗರಿಗೆ ಕೊಟ್ಟು, ಉಳಿದವನ್ನು ಚೀಲದಲ್ಲಿ ಕಟ್ಟಿ ಊರಾಚೆ ಬಿಟ್ಟು ಬರುವವರಿದ್ದಾರೆ. ಹಾಗೆ ಬಿಟ್ಟವುಗಳಲ್ಲಿ ಅನೇಕ ಹಸಿವಿನಿಂದ ಸಾಯುತ್ತವೆ. ಬದುಕಿದವು ಲಸಿಕೆ ಕಾಣದೆ ಬೆಳೆಯುತ್ತವೆ.

ಸಂಖ್ಯೆ ಹೆಚ್ಚುವುದು ಹೇಗೆ?

ಹೆಣ್ಣು ನಾಯಿ ಸಾಮಾನ್ಯವಾಗಿ 6ರಿಂದ 12 ತಿಂಗಳೊಳಗೆ ಮೊದಲ ಸಲ ಬೆದೆಗೆ ಬರುತ್ತದೆ. ಗರ್ಭದ ಅವಧಿ ಸುಮಾರು 63 ದಿನ. ವರ್ಷಕ್ಕೆ ಎರಡು ಸೂಲು, ಸೂಲಿಗೆ ಐದು ಮರಿ ಎಂದರೂ ಹತ್ತಾಯಿತು. ಬೆಕ್ಕು ಇನ್ನೂ ಮುಂದು. ಐದಾರು ತಿಂಗಳಿಗೇ ಬೆದೆಗೆ ಬರುತ್ತದೆ, ಮರಿಗಳಿಗೆ ಹಾಲೂಡಿಸುತ್ತಿರುವಾಗಲೇ ಮತ್ತೆ ಗರ್ಭ ಧರಿಸಬಲ್ಲದು.

ಪರಿಹಾರವೇನು?

ಸಂತಾನಹರಣ ಶಸ್ತ್ರಚಿಕಿತ್ಸೆಯೇ ಖಚಿತ ಉಪಾಯ. ಹೋರಿಯ ಬೀಜ ಒಡೆಸಿ ಎತ್ತು ಮಾಡುವುದು ನಮ್ಮ ರೈತರಿಗೆ ಹೊಸದಲ್ಲ. ಅರಿವಳಿಕೆ ಕೊಟ್ಟು ಗಂಡಿನ ವೃಷಣಗಳನ್ನೂ, ಹೆಣ್ಣಿನ ಅಂಡಾಶಯ ಹಾಗೂ ಗರ್ಭಕೋಶವನ್ನೂ ತೆಗೆಯುತ್ತಾರೆ. ಬೆಕ್ಕಿಗೆ ಸುಮಾರು ಐದು ತಿಂಗಳಲ್ಲಿ, ನಾಯಿಗೆ ಆರು ತಿಂಗಳ ನಂತರ ಮಾಡಿಸಬಹುದು. ದೊಡ್ಡ ತಳಿಯಾದರೆ ಸ್ವಲ್ಪ ತಡವಾಗಿ ಮಾಡಿಸುವುದು ಒಳ್ಳೆಯದು. ಬೆದೆಯಲ್ಲಿರುವಾಗ ರಕ್ತಸ್ರಾವ ಹೆಚ್ಚಬಹುದಾದ್ದರಿಂದ ಆ ದಿನಗಳನ್ನು ಬಿಡಿ. ಬೆದೆ ತಡೆಯುವ ಚುಚ್ಚುಮದ್ದು ಅಗ್ಗವೆನಿಸಿದರೂ ಅದರಿಂದ ಗರ್ಭಕೋಶದಲ್ಲಿ ಕೀವು, ಕೆಚ್ಚಲಿನ ಗಡ್ಡೆಗಳ ಅಪಾಯ ಹೆಚ್ಚುತ್ತದೆ.

ತಪ್ಪು ತಿಳಿವಳಿಕೆ

‘ಒಂದು ಸಲವಾದರೂ ಮರಿ ಹಾಕಬೇಕು, ಇಲ್ಲದಿದ್ದರೆ ರೋಗ ಬರುತ್ತದೆ’ ಎಂಬುದು ಸುಳ್ಳು. ಗರ್ಭಕೋಶ ತೆಗೆದ ಮೇಲೆ ಅಲ್ಲಿ ಕೀವಾಗುವ ಭಯವೇ ಇಲ್ಲ. ಬೇಗ ಮಾಡಿಸಿದರೆ ಕೆಚ್ಚಲಿನ ಗಡ್ಡೆಯ ಸಂಭವವೂ ಕಡಿಮೆ. ‘ನಾಯಿ ಮನೆ ಕಾಯುವುದಿಲ್ಲ’ ಎಂಬುದೂ ನಿಜವಲ್ಲ. ಮೈ ಬರುವುದು ಮಾತ್ರ ನಿಜ. ಅದಕ್ಕೆ ಊಟದ ಪ್ರಮಾಣ ಕಡಿಮೆ ಮಾಡಿದರೆ ಸಾಕು.

ಆರೈಕೆ ಹೀಗಿರಲಿ

* ಶಸ್ತ್ರಚಿಕಿತ್ಸೆಗೆ ಮೊದಲು ಎಷ್ಟು ಹೊತ್ತು ಆಹಾರ ಕೊಡಬಾರದೆಂದು ಪಶುವೈದ್ಯರನ್ನು ಕೇಳಿ ಪಾಲಿಸಿ.
* ನಂತರ ಬೆಚ್ಚಗಿನ, ಧೂಳಿಲ್ಲದ ಜಾಗದಲ್ಲಿಡಿ. ಹತ್ತು ದಿನ ಓಡಾಟ, ಸ್ನಾನ ಬೇಡ.
* ಹೊಲಿಗೆ ನೆಕ್ಕದಂತೆ ಕೊರಳಪಟ್ಟಿ ಹಾಕಿ. ಬಾವು, ಕೀವು, ರಕ್ತ ಕಂಡರೆ ಕೂಡಲೇ ವೈದ್ಯರಿಗೆ ತೋರಿಸಿ.
* ಮನುಷ್ಯರ ನೋವಿನ ಮಾತ್ರೆ ಕೊಡಬೇಡಿ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ.
* ಗಂಡಿನಲ್ಲಿ ಕೆಲವು ವಾರ ವೀರ್ಯಾಣು ಉಳಿದಿರಬಹುದು. ಅಲ್ಲಿಯವರೆಗೆ ಹೆಣ್ಣಿನಿಂದ ದೂರವಿಡಿ.

ರೇಬೀಸ್ ಮರೆಯದಿರಿ

ಶಸ್ತ್ರಚಿಕಿತ್ಸೆ ಲಸಿಕೆಗೆ ಬದಲಿಯಲ್ಲ. ಮರಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ ಹಾಕಿಸಿ, ವೈದ್ಯರು ಹೇಳಿದಂತೆ ಮುಂದುವರಿಸಿ. ನಾಯಿ ಅಥವಾ ಬೆಕ್ಕು ಕಚ್ಚಿದರೆ, ಪರಚಿದರೆ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ. ಅರಿಸಿನ, ಸುಣ್ಣ, ಖಾರದ ಪುಡಿ ಹಚ್ಚಬೇಡಿ. ರೋಗದ ಲಕ್ಷಣ ಕಂಡ ಮೇಲೆ ಬದುಕುವುದು ಅತಿ ವಿರಳ.

ಬೀದಿ ನಾಯಿಗಳ ಸಂತಾನ ನಿಯಂತ್ರಣ ನಗರಸಭೆ, ಪುರಸಭೆ, ಪಂಚಾಯಿತಿಗಳಂಥ ಸ್ಥಳೀಯ ಸಂಸ್ಥೆಗಳ ಹೊಣೆ. ಸಾಕಿದ ಪ್ರಾಣಿಯ ಲಸಿಕೆ, ಜಂತುನಾಶಕ ಔಷಧ, ಸಂತಾನಹರಣ ಮಾಲೀಕರದೇ ಜವಾಬ್ದಾರಿ ಎಂದು 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಹೇಳುತ್ತವೆ. ಸಮೀಪದ ಪಶು ಆಸ್ಪತ್ರೆಯಲ್ಲಿ, ಇಲ್ಲವೆ ಗದಗಿನ ಪಶುವೈದ್ಯಕೀಯ ಕಾಲೇಜಿನಲ್ಲಿ ಈ ಶಸ್ತ್ರಚಿಕಿತ್ಸೆಯ ಬಗ್ಗೆ ಮೊದಲೇ ವಿಚಾರಿಸಿ. ಮುಂದಿನ ಸೂಲಿನ ಮರಿಗಳನ್ನು ಚೀಲದಲ್ಲಿ ಕಟ್ಟುವ ಪ್ರಸಂಗವೇ ಬಾರದಿರಲಿ.