ಮಾಳಿಗೆ ಮನೆ, ಮಣ್ಣಿನ ಗೋಡೆ

ಹರಿಹರದ ಹರಿಹರೇಶ್ವರ ಗುಡಿ ನೋಡಿದ್ದೀರಲ್ಲ? ಹೊಯ್ಸಳರ ಕಾಲದ್ದು. 1224ರ ಸುಮಾರಿಗೆ ಕಟ್ಟಿದ್ದು. ಕಲ್ಲಿನ ಕಟ್ಟಡ. ನಮ್ಮ ಹಿರಿಯರು ದೇವರಿಗೆ ಕಲ್ಲಿನ ಗುಡಿ ಕಟ್ಟಿದರು. ತಾವು ಮಣ್ಣಿನ ಮನೆಯಲ್ಲಿ ಬಾಳಿದರು.

ದಾವಣಗೆರೆ, ಹರಿಹರದ ಸುತ್ತಿನ ಹಳ್ಳಿಗಳಲ್ಲಿ ಹಳೇ ಮಾಳಿಗೆ ಮನೆಗಳು ಇನ್ನೂ ಇವೆ. ತಳಪಾಯ ಕಲ್ಲಿನದು. ಗೋಡೆ ದಪ್ಪ ಮಣ್ಣಿನದು. ಗೋಡೆ ಮೇಲೆ ತೊಲೆ, ತೊಲೆ ಮೇಲೆ ಜಂತೆ. ಅದರ ಮೇಲೆ ಸೊಪ್ಪು-ಕಡ್ಡಿ ಹಾಸಿ ಮಣ್ಣು ಬಡಿಯುತ್ತಾರೆ. ಎಲ್ಲಕ್ಕಿಂತ ಮೇಲೆ ಚೌಳು ಮಣ್ಣು. ಚೌಳು ಮಣ್ಣಿನಲ್ಲಿ ಬೆಳೆ ಸರಿಯಾಗಿ ಬರಲ್ಲ. ಆದರೆ ನೆನೆದರೆ ಅದು ಬಿಗಿದುಕೊಳ್ಳುತ್ತೆ, ನೀರು ಕೆಳಗೆ ಇಳಿಯಲು ಬಿಡಲ್ಲ. ಹೊಲಕ್ಕೆ ಬೇಡವಾದ ಮಣ್ಣು ಮನೆಗೆ ಬೇಕಾಯಿತು!

ಮಾಳಿಗೆ ಚಪ್ಪಟೆ ಯಾಕೆ? ನಮ್ಮ ಕಡೆ ಮಳೆ ಕಡಿಮೆ. ವರ್ಷಕ್ಕೆ ಸುಮಾರು 65 ಸೆಂಟಿಮೀಟರ್. ಮಾಳಿಗೆ ಮೇಲೆ ಸಂಡಿಗೆ ಇಡ್ತೀವಿ, ಮೆಣಸಿನಕಾಯಿ ಒಣಗಿಸ್ತೀವಿ. ಮಲೆನಾಡಿನ ಆಗುಂಬೆಯಲ್ಲಿ ಸುಮಾರು 700 ಸೆಂಟಿಮೀಟರ್ ಮಳೆ. ಅಲ್ಲಿ ಚಪ್ಪಟೆ ಮಾಳಿಗೆ ಉಳಿಯುತ್ತಾ? ಅದಕ್ಕೇ ಅಲ್ಲಿ ಇಳಿಜಾರು ಹೆಂಚು. ಜಪಾನ್ ದೇಶದ ಶಿರಕಾವಾ ಹಳ್ಳಿಯಲ್ಲಿ ಹಿಮ ಬೀಳುತ್ತೆ. ಹಿಮ ಜಾರಿ ಹೋಗಲಿ ಅಂತ ಅಲ್ಲಿ ಕಡಿದಾದ ಹುಲ್ಲಿನ ಚಾವಣಿ. ನೋಡಲು ಕೈ ಮುಗಿದ ಹಾಗೆ ಇರುತ್ತೆ.

ಮಣ್ಣಿನ ಗೋಡೆ ನಮ್ಮಲ್ಲಿ ಮಾತ್ರ ಅಂದುಕೊಂಡಿರಾ? ಇಂಗ್ಲೆಂಡಿನ ಡೆವನ್ ಸೀಮೆಯಲ್ಲೂ ಇದೆ. ಅಲ್ಲೂ ಮಣ್ಣಿಗೆ ಹುಲ್ಲು ಸೇರಿಸಿ, ತುಳಿದು ಗೋಡೆ ಏರಿಸಿದರು. ನೂರಾರು ವರ್ಷದ ಅಂಥ ಮನೆಗಳಲ್ಲಿ ಜನ ಇಂದೂ ಇದ್ದಾರೆ. ಗೋಡೆಗೆ ಒಳ್ಳೆ ಟೋಪಿ, ಒಳ್ಳೆ ಬೂಟು ಇರಬೇಕು ಅಂತ ಅಲ್ಲಿನವರು ಹೇಳ್ತಾರೆ. ಟೋಪಿ ಅಂದರೆ ಚಾವಣಿ. ಬೂಟು ಅಂದರೆ ಕಲ್ಲಿನ ತಳಪಾಯ.

ಆಮೇಲೆ ಅಲ್ಲಿ ಮಣ್ಣಿನ ಗೋಡೆಗೆ ಸಿಮೆಂಟ್ ಬಳಿಯೋದು ಶುರುವಾಯಿತು. ಸಿಮೆಂಟ್ ಬಿರುಕು ಬಿಟ್ಟಿತು. ಬಿರುಕಿನಿಂದ ನೀರು ಒಳಗೆ ಹೋಯಿತು. ಹೊರಗೆ ಆರಿಹೋಗಲು ದಾರಿ ಇಲ್ಲ. ಒಳಗಿನ ಮಣ್ಣು ಮೆತ್ತಗಾಗಿ ಕೆಲವು ಗೋಡೆಗಳು ಕುಸಿದವು. ನಮ್ಮ ಮಣ್ಣಿಗೂ ಅದೇ ಗತಿ. ಸಿಮೆಂಟ್ ಬಳಿದ ಗೋಡೆ ಹೊರಗೆ ಚೆಂದ ಕಾಣುತ್ತೆ. ಒಳಗೆ ಏನಾಗಿದೆ, ಕಾಣಲ್ಲ.

ಮಣ್ಣು-ಸಗಣಿ ಸಾರಿಸಿದರೆ, ಸುಣ್ಣ ಬಳಿದರೆ ನೆನೆದ ಗೋಡೆ ಮತ್ತೆ ಆರುತ್ತೆ. ಇದು ಹೆಂಗಸರ ಕೆಲಸ. ಇದಕ್ಕೆ ಕೂಲಿ ಇಲ್ಲ, ಲೆಕ್ಕವೂ ಇಲ್ಲ. ಆದರೆ ಗೋಡೆ ನಿಂತಿರೋದು ಇದರಿಂದಲೇ.

ಮಳೆಗಾಲಕ್ಕೆ ಮುಂಚೆ ಮಾಳಿಗೆ ಮೇಲಿನ ಹುಲ್ಲು ಕೀಳಿಸಿ. ನೀರು ಹೋಗುವ ದೋಣಿಯ ಕಸ ತೆಗೆಸಿ. ಬಚ್ಚಲ ನೀರು ಗೋಡೆ ಬುಡದಲ್ಲಿ ನಿಲ್ಲಬಾರದು. ಗೋಡೆ ಉಬ್ಬಿದೆಯಾ, ಹೊಸ ಬಿರುಕು ಬಂದಿದೆಯಾ ನೋಡಿ. ಬಂದಿದ್ದರೆ ಅದರ ಪಕ್ಕ ಮಕ್ಕಳನ್ನು ಮಲಗಿಸಬೇಡಿ. ಜಡಿಮಳೆ ಹಿಡಿದಾಗಂತೂ ಬೇಡವೇ ಬೇಡ.