ಸೌದೆ ಸೀಳುವ ಯಂತ್ರ ಬಲ ಕಳೆದುಕೊಂಡಾಗ

ಮಲೆನಾಡಿನಲ್ಲಿ ಅಡಿಕೆ ಕೊಯ್ಲು ಶುರುವಾದರೆ ಒಲೆ ಆರುವಂತಿಲ್ಲ. ಸುಲಿದ ಹಸಿ ಅಡಿಕೆ ಕಾಯುವುದಿಲ್ಲ, ಅದನ್ನು ಬೇಯಿಸುವ ಹಂಡೆಯ ಕೆಳಗೆ ಸೌದೆ ಬೀಳುತ್ತಲೇ ಇರಬೇಕು. ಕೊಡಲಿ ಹಿಡಿಯುವವರು ಸಿಗದೆ ನಾನು ಪೆಟ್ರೋಲ್ ಎಂಜಿನ್ನಿನ ಹೈಡ್ರಾಲಿಕ್ ಯಂತ್ರ ತಂದು 9 ವರ್ಷವಾಯಿತು. ಇಷ್ಟರಲ್ಲಿ ಅದು 4 ಸಲ ಬಲ ಕಳೆದುಕೊಂಡಿದೆ. ಮೊದಲ ಸಲವಂತೂ ನಾನು ಮಾಡಿದ್ದೆಲ್ಲ ತಪ್ಪೇ.

1. ಸ್ಪ್ಯಾನರ್ ಹಿಡಿಯುವ ಮೊದಲು ಎಂಜಿನ್ ಸದ್ದು ಕೇಳಿ

ಆ ಮೊದಲ ಸಲ, ಅಕೇಶಿಯಾದ ಗಂಟು ತುಂಡೊಂದಕ್ಕೆ ತಾಗಿ ಸಿಲಿಂಡರಿನ ದಂಡ ನಿಂತುಬಿಟ್ಟಿತು. ಖಾಲಿ ಇದ್ದಾಗ ಸರ್ರನೆ ಹೋಗುತ್ತಿದ್ದುದು ಮರಕ್ಕೆ ತಾಗಿದೊಡನೆ ಸುಮ್ಮನಾಗುತ್ತಿತ್ತು. ಪಂಪ್ ಸವೆದಿದೆ ಎಂದು ನಾನೇ ತೀರ್ಮಾನಿಸಿ, ಸಾಲ ಮಾಡಿ ಹೊಸ ಪಂಪ್ ತರಿಸಿದೆ. ಅದನ್ನು ಕೂರಿಸಿದ ಮೇಲೂ ದಂಡ ಅದೇ ತುಂಡಿನ ಮುಂದೆ ನಿಂತಿತು. ಆ ಹೊತ್ತಿಗೆ ಎಂಜಿನ್ ಏನು ಹೇಳುತ್ತಿತ್ತು ಎಂದು ನಾನು ಕೇಳಿಸಿಕೊಂಡೇ ಇರಲಿಲ್ಲ. ಮರಕ್ಕೆ ತಾಗಿದಾಗ ಸದ್ದು ಭಾರವಾದರೆ ಪಂಪ್ ಒತ್ತಡ ಕಟ್ಟುತ್ತಿದೆ ಎಂದರ್ಥ. ಎಂಜಿನ್ ಉಸಿರುಗಟ್ಟಿ ಆಫ್ ಆದರೆ ಕಾರ್ಬ್ಯುರೇಟರ್, ಏರ್ ಫಿಲ್ಟರ್ ಕಡೆಗೂ ನೋಡಬೇಕು. ನನ್ನ ಎಂಜಿನ್ ಭಾರವೇ ಇಲ್ಲದಂತೆ ಹಗುರವಾಗಿ ಓಡುತ್ತಿತ್ತು. ಎಣ್ಣೆ ದಂಡವನ್ನು ತಳ್ಳದೆ ಬೇರೆಲ್ಲೋ ದಾರಿ ಮಾಡಿಕೊಂಡಿತ್ತು.

ಇನ್ನೊಂದು ಮಾತು. ಇಂಥ ಯಂತ್ರಗಳಲ್ಲಿ ಸಾಮಾನ್ಯವಾಗಿ ಎರಡು ಹಂತದ ಪಂಪ್ ಇರುತ್ತದೆ. ಖಾಲಿ ಓಟದಲ್ಲಿ ಎರಡೂ ಗೇರ್ ಜೋಡಿ ಸೇರಿ ಎಣ್ಣೆ ಕಳಿಸುತ್ತವೆ. ಒತ್ತಡ ಏರಿದಾಗ ದೊಡ್ಡ ಜೋಡಿ ಹೊರೆ ಬಿಟ್ಟು, ಚಿಕ್ಕದೊಂದೇ ದುಡಿಯುತ್ತದೆ. ಹಾಗಾಗಿ ಗಟ್ಟಿ ಮರದಲ್ಲಿ ದಂಡ ನಿಧಾನವಾಗುವುದು ರೋಗವಲ್ಲ, ಪೂರ್ತಿ ನಿಲ್ಲುವುದು ರೋಗ.

2. ರಿಲೀಫ್ ವಾಲ್ವಿನ ಸ್ಕ್ರೂ ಬಿಗಿಮಾಡುವುದು ರಿಪೇರಿಯಲ್ಲ

ಪಂಪಿನಿಂದ ಆಗದ್ದನ್ನು, ಒತ್ತಡಕ್ಕೆ ಮಿತಿ ಹಾಕುವ ಈ ವಾಲ್ವಿನ ಸ್ಕ್ರೂನಿಂದ ಮಾಡಲು ಹೊರಟೆ. ಎರಡು ಸುತ್ತು ಬಿಗಿಮಾಡಿದೆ, ಏನೂ ಆಗಲಿಲ್ಲ. ಮತ್ತೆ ಒಂದು ಸುತ್ತು. ಇದ್ದಕ್ಕಿದ್ದಂತೆ ಎಂಜಿನ್ ನರಳಿತು, ಹೋಸಿನ ತುದಿ ಗುಳ್ಳೆಯಂತೆ ಉಬ್ಬಿತು. ಲಿವರ್ ಬಿಟ್ಟು ಹಿಂದೆ ಸರಿದೆ. ಮರುದಿನ ವಾಲ್ವ್ ಬಿಚ್ಚಿದ ಮೆಕ್ಯಾನಿಕ್ ಎಳ್ಳಿನಷ್ಟು ರಬ್ಬರ್ ಚೂರನ್ನು ನನ್ನ ಅಂಗೈ ಮೇಲಿಟ್ಟರು. ಹಳೆಯ ಸಕ್ಷನ್ ಹೋಸಿನ ಒಳಪದರದಿಂದ ಕಳಚಿದ ಚೂರು ವಾಲ್ವನ್ನು ಪೂರ್ತಿ ಮುಚ್ಚಲು ಬಿಡದೆ ಕೂತಿತ್ತು. ಅದು ಸರಿದ ಕ್ಷಣದಲ್ಲಿ, ನಾನು ಬಿಗಿಮಾಡಿದ್ದರಿಂದ ಒತ್ತಡ ಮಿತಿ ದಾಟಿತ್ತು. ವಾಲ್ವ್ ತೊಳೆದು, ಹೋಸ್ ಬದಲಿಸಿ, ಸ್ಕ್ರೂ ಮೊದಲಿನ ಜಾಗಕ್ಕೆ ತಂದರು. ತೆಗೆದಿಟ್ಟಿದ್ದ ಹಳೆ ಪಂಪಿಗೆ ಏನೂ ಆಗಿರಲಿಲ್ಲ.

3. ಗೇಜ್ ಒಂದು ಇರಲಿ

ಪಂಪಿನಿಂದ ಲಿವರಿನ ವಾಲ್ವಿಗೆ ಹೋಗುವ ಕೊಳವೆಯಲ್ಲಿ ಈಗ ಒತ್ತಡದ ಗೇಜ್ ಕೂರಿಸಿದ್ದೇನೆ. ದಂಡವನ್ನು ಕೊನೆಮುಟ್ಟಿಸಿ ಲಿವರನ್ನು ಎರಡೇ ಸೆಕೆಂಡು ಹಿಡಿದರೆ ಸಾಕು. ಹೆಚ್ಚು ಹೊತ್ತು ಹಿಡಿದರೆ ಎಣ್ಣೆ ಕಾಯುತ್ತದೆ. ನನ್ನ ಯಂತ್ರದಲ್ಲಿ 170 ಬಾರ್ ಬರಬೇಕು. 10 ಸೆಂಟಿಮೀಟರ್ ವ್ಯಾಸದ ಸಿಲಿಂಡರಿನಲ್ಲಿ ಅದು 13 ಟನ್ನಿಗೂ ಹೆಚ್ಚಿನ ಬಲ. ಮೂರನೇ ಸಲ ಕೆಟ್ಟಾಗ ಮುಳ್ಳು 60ಕ್ಕೆ ನಿಂತಿತ್ತು, ಅಂದರೆ 5 ಟನ್ನೂ ಇಲ್ಲ.

4. ಎಣ್ಣೆಯ ಬಣ್ಣ ನೋಡಿ

ಎರಡನೇ ಸಲ ಪಂಪ್ ಕಿರುಗುಟ್ಟುತ್ತಿತ್ತು, ಟ್ಯಾಂಕಿನ ಎಣ್ಣೆ ಹಾಲಿನಂತಾಗಿತ್ತು. ಟ್ಯಾಂಕಿಗೆ ಗಾಳಿಯಾಡಲು ಇರುವ ಮುಚ್ಚಳ ಕಳೆದುಹೋಗಿ, ಅಲ್ಲಿಗೆ ಪ್ಲಾಸ್ಟಿಕ್ ಕಟ್ಟಿ ಮಳೆಗಾಲ ಕಳೆದವನು ನಾನೇ. ಲೋಟದಲ್ಲಿ ಸ್ವಲ್ಪ ಎಣ್ಣೆ ತೆಗೆದು ಅರ್ಧ ಗಂಟೆ ಇಡಿ. ತಿಳಿಯಾದರೆ ಒಳಗೆ ಗಾಳಿ ಸೇರುತ್ತಿದೆ, ಸಕ್ಷನ್ ಕಡೆಯ ಕ್ಲಿಪ್ ನೋಡಬೇಕು. ಬಿಳುಪು ಹಾಗೇ ಉಳಿದರೆ ನೀರು ಸೇರಿದೆ, ಎಣ್ಣೆ ಪೂರ್ತಿ ಬದಲಿಸಬೇಕು. ನನ್ನದು ತಿಳಿಯಾಗಲೇ ಇಲ್ಲ.

5. ಸಿಲಿಂಡರ್ ಒಳಗೇ ಸೋರಿದರೆ ಹೊರಗೆ ಒಂದು ಹನಿಯೂ ಕಾಣದು

ಮೂರನೇ ಸಲದ ಆ 60 ಬಾರ್ ಒತ್ತಡಕ್ಕೆ ಕಾರಣ ಪಿಸ್ಟನ್ನಿನ ಸೀಲ್. ಈ ಸಲ ಏನನ್ನೂ ಕೊಳ್ಳುವ ಮೊದಲು ಪರೀಕ್ಷಿಸಿದೆ. ದಂಡವನ್ನು ಪೂರ್ತಿ ಹೊರಗೆ ಚಾಚಿ, ಎಂಜಿನ್ ನಿಲ್ಲಿಸಿ, ಲಿವರ್ ಆಡಿಸಿ ಒತ್ತಡ ಇಳಿಸಿದೆ. ದಂಡದ ಕಡೆಯ ಹೋಸ್ ಬಿಚ್ಚಿ, ಅದರ ಬಾಯಿಗೆ ಪ್ಲಗ್ ಹಾಕಿದೆ. ಮತ್ತೆ ಎಂಜಿನ್ ಹಚ್ಚಿ ಮುಂದಕ್ಕೇ ಒತ್ತಿದಾಗ, ಸಿಲಿಂಡರಿನ ತೆರೆದ ಕಿಂಡಿಯಿಂದ ಎಣ್ಣೆ ಧಾರೆಯಾಗಿ ಬಂತು. ಸೀಲ್ ಗಟ್ಟಿಯಿದ್ದರೆ ಅಲ್ಲಿಂದ ಎಣ್ಣೆ ಹರಿಯಬಾರದು. ಸೀಲ್ ಸೆಟ್ಟಿಗೆ ಆದ ಖರ್ಚು ಆ ಪಂಪಿನ ಬೆಲೆಯ ಒಂದು ಸಣ್ಣ ಪಾಲು.

6. ದಂಡ ಅಲ್ಲಾಡದೇ ಹೋದರೆ ಕಪ್ಲಿಂಗ್ ನೋಡಿ

ನಾಲ್ಕನೇ ಸಲ ಆದದ್ದು ಇಷ್ಟೇ: ಎಂಜಿನ್ ಮತ್ತು ಪಂಪಿನ ನಡುವಿನ ಕಪ್ಲಿಂಗಿನ ಕೀಲಿ ತುಂಡಾಗಿತ್ತು. ಹತ್ತು ನಿಮಿಷದ ಕೆಲಸ.

7. ಸೋರಿಕೆಯನ್ನು ಬೆರಳಿನಿಂದ ಹುಡುಕಬೇಡಿ

ವರ್ಷಗಟ್ಟಲೆ ನಾನು ಓಡುವ ಯಂತ್ರದ ಹೋಸಿನ ಮೇಲೆ ಕೈಯಾಡಿಸಿ ಸೋರಿಕೆ ಹುಡುಕಿದ್ದೇನೆ. ಏನೂ ಆಗದಿದ್ದುದು ನನ್ನ ಅದೃಷ್ಟ. ಕಣ್ಣಿಗೆ ಕಾಣದಷ್ಟು ಸಣ್ಣ ತೂತಿನಿಂದ ಚಿಮ್ಮುವ ಎಣ್ಣೆ ಚರ್ಮ ಸೀಳಿ ಒಳಗೆ ಹೋಗುತ್ತದೆ. ಮೊದಲಿಗೆ ಮುಳ್ಳು ಚುಚ್ಚಿದಷ್ಟೇ ಗುರುತು, ನೋವೂ ಕಡಿಮೆ. ತಡಮಾಡಿದರೆ ಬೆರಳನ್ನೇ ಕತ್ತರಿಸಬೇಕಾಗಬಹುದು. ರಟ್ಟಿನ ತುಂಡು ಹಿಡಿದು ಹುಡುಕಿ. ಚುಚ್ಚಿದ ಅನುಮಾನ ಬಂದರೂ ಸಾಕು, ಅಂದೇ, ಆ ಕ್ಷಣವೇ ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೆ ಹೋಗಿ, ಒಳಗೆ ಹೈಡ್ರಾಲಿಕ್ ಎಣ್ಣೆ ಹೊಕ್ಕಿದೆ ಎಂದು ವೈದ್ಯರಿಗೆ ನೀವೇ ಹೇಳಿ.