ಎದೆಹಾಲಿನ ಜೊತೆಗೆ ಮೊದಲ ತುತ್ತು

ಬಾಗಲಕೋಟೆ ಜಿಲ್ಲೆಯ ಬಾದಾಮಿಗೆ ಸಮೀಪದಲ್ಲಿ, ಮಲಪ್ರಭಾ ನದಿಯ ದಡದ ಮೇಲೆ, ಶಿವಯೋಗ ಮಂದಿರವಿದೆ. ಹಾನಗಲ್ಲ ಕುಮಾರಸ್ವಾಮಿಗಳು ಇದನ್ನು 1909ರಲ್ಲಿ ಸ್ಥಾಪಿಸಿದರು. ಇದರ ಸುತ್ತಣ ಬಾದಾಮಿ, ಹುನಗುಂದ, ಇಳಕಲ್ಲಗಳ ಸೀಮೆಯು ಜೋಳದ ಸೀಮೆ. ಎರೆಭೂಮಿಯಲ್ಲಿ ಹಿಂಗಾರಿನ ಬಿಳಿಜೋಳವೂ ಮಸಾರಿ ನೆಲದಲ್ಲಿ ಸಜ್ಜೆ, ಹೆಸರು, ಶೇಂಗಾಗಳೂ ಬೆಳೆಯುತ್ತವೆ. ಹಸಿದವರಿಗೆ ಅನ್ನವಿಡುವುದನ್ನು ದಾಸೋಹವೆಂದು ಗೌರವಿಸುವ ನಾಡು ಇದು. ಇಲ್ಲಿ ಹುಟ್ಟಿದ ಕೂಸು ಮುಂದೆ ಜೋಳದ ರೊಟ್ಟಿಯನ್ನು ಉಂಡು ಬೆಳೆಯುತ್ತದೆಂಬುದು ಎಲ್ಲರೂ ಬಲ್ಲ ಮಾತು. ಆದರೆ ತಾಯಿಯ ಎದೆಹಾಲಿಗೂ ಆ ರೊಟ್ಟಿಗೂ ನಡುವೆ ದೀರ್ಘವಾದ ಹಾದಿಯೊಂದಿದೆ. ಆರನೆಯ ತಿಂಗಳಿನಿಂದ ಎರಡನೆಯ ವರ್ಷದ ಕೊನೆಯವರೆಗಿನ ಆ ಹಾದಿಯಲ್ಲಿಯೇ ಎಷ್ಟೋ ಮಕ್ಕಳು ಸದ್ದಿಲ್ಲದೆ ಸೊರಗುತ್ತವೆ.

2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಆರು ತಿಂಗಳಿನಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ ನೂರಕ್ಕೆ 65.5ರಷ್ಟು ಮಂದಿ ರಕ್ತಹೀನತೆಯುಳ್ಳವರು. ಆರರಿಂದ ಇಪ್ಪತ್ತಮೂರು ತಿಂಗಳ ವಯಸ್ಸಿನವರಲ್ಲಿ ಸಾಕಷ್ಟು ಆಹಾರ ದೊರೆಯುತ್ತಿದ್ದುದು ಇಡೀ ದೇಶದಲ್ಲಿ ನೂರಕ್ಕೆ 11.3 ಮಕ್ಕಳಿಗೆ ಮಾತ್ರ. ಬಡತನ ಇದಕ್ಕೊಂದು ಕಾರಣವೆಂಬುದು ನಿಜ. ಆದರೆ ಕಾಳುಕಡಿ ತುಂಬಿದ ಮನೆಗಳಲ್ಲಿಯೂ ಈ ಕೊರತೆ ಕಾಣುವುದರಿಂದ, ಬೇರೆ ಕಾರಣಗಳನ್ನೂ ನಾವು ಹುಡುಕಬೇಕಾಗುತ್ತದೆ.

ಆರು ತಿಂಗಳೇ ಏಕೆ?

ಹುಟ್ಟಿದಂದಿನಿಂದ ಆರು ತಿಂಗಳು ತುಂಬುವವರೆಗೆ ಶಿಶುವಿಗೆ ಎದೆಹಾಲೊಂದೇ ಸಾಕು. ನೀರು ಕೂಡ ಬೇಡ. ಆ ಬಳಿಕ ಬೇರೆ ಆಹಾರವನ್ನು ಆರಂಭಿಸಿ, ಎರಡು ವರ್ಷದವರೆಗೆ ಅಥವಾ ಅದಕ್ಕೂ ಹೆಚ್ಚು ಕಾಲ ಎದೆಹಾಲನ್ನು ಮುಂದುವರಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಇದು. ಮೊದಲು ನಾಲ್ಕರಿಂದ ಆರು ತಿಂಗಳೆಂದಿದ್ದ ಅವಧಿಯನ್ನು 2001ರಲ್ಲಿ ಆರು ತಿಂಗಳೆಂದು ಸ್ಪಷ್ಟಪಡಿಸಲಾಯಿತು. ನಮ್ಮ ಪ್ರಾಚೀನ ಗೃಹ್ಯಸೂತ್ರಗಳು ಅನ್ನಪ್ರಾಶನಕ್ಕೆ ಆರನೆಯ ತಿಂಗಳನ್ನೇ ಹೇಳಿರುವುದು ಗಮನಾರ್ಹವಾದ ಸಂಗತಿ.

ಶಿಶುವಿನ ದೇಹವೂ ಈ ಕಾಲಕ್ಕೆ ಸಿದ್ಧವಾಗುತ್ತದೆ. ಎಳೆಗೂಸಿನ ಬಾಯಿಗೆ ಗಟ್ಟಿಯಾದುದನ್ನು ಇಟ್ಟರೆ ನಾಲಗೆ ತಾನಾಗಿಯೇ ಅದನ್ನು ಹೊರಕ್ಕೆ ತಳ್ಳುತ್ತದೆ. ಉಸಿರುಗಟ್ಟದಂತೆ ಕಾಯುವ ಈ ಪ್ರತಿವರ್ತನೆ ನಾಲ್ಕರಿಂದ ಆರು ತಿಂಗಳೊಳಗೆ ಮಾಯವಾಗುತ್ತದೆ. ಅದೇ ಹೊತ್ತಿಗೆ ಕುತ್ತಿಗೆ ನಿಂತು, ಆಸರೆ ಕೊಟ್ಟರೆ ಮಗು ಕುಳಿತುಕೊಳ್ಳುತ್ತದೆ. ಉಣ್ಣುವವರ ಗಂಗಾಳದ ಕಡೆಗೆ ಕೈ ಚಾಚುತ್ತದೆ. ಪಿಷ್ಟವನ್ನು ಜೀರ್ಣಿಸುವ ಅಮೈಲೇಸ್ ಎಂಬ ಕಿಣ್ವ ನವಜಾತ ಶಿಶುವಿನ ಮೇದೋಜೀರಕ ಗ್ರಂಥಿಯಲ್ಲಿ ಅತ್ಯಲ್ಪ. ತಿಂಗಳುಗಳು ಕಳೆದಂತೆ ಅದು ಹೆಚ್ಚುತ್ತದೆ. ಆದುದರಿಂದ ಬಹು ಬೇಗನೆ ಅನ್ನವನ್ನು ತುರುಕುವುದೂ ತಪ್ಪು, ಹಲ್ಲು ಬರಲೆಂದು ಕಾಯುವುದೂ ತಪ್ಪು. ಮೆತ್ತಗಿನ ಆಹಾರವನ್ನು ಅರೆಯಲು ವಸಡುಗಳೇ ಸಾಕು.

ಕಬ್ಬಿಣದ ಲೆಕ್ಕ

ಎದೆಹಾಲು ಅಷ್ಟು ಶ್ರೇಷ್ಠವಾದರೆ ಅದೊಂದೇ ಮುಂದೆಯೂ ಸಾಲದೇಕೆ? ಈ ಪ್ರಶ್ನೆಗೆ ಉತ್ತರವನ್ನು ಕಬ್ಬಿಣದ ಲೆಕ್ಕದಿಂದ ತಿಳಿಯಬಹುದು. ಹುಟ್ಟುವಾಗ ಶಿಶುವಿನ ಮೈಯಲ್ಲಿ ಪ್ರತಿ ಕಿಲೋಗ್ರಾಮ್ ತೂಕಕ್ಕೆ ಸುಮಾರು 75 ಮಿಲಿಗ್ರಾಮ್ ಕಬ್ಬಿಣವಿರುತ್ತದೆ. ಎಂದರೆ ಮೂರು ಕಿಲೋಗ್ರಾಮಿನ ಮಗುವಿಗೆ ತಾಯಿಯು ಸುಮಾರು 225 ಮಿಲಿಗ್ರಾಮ್ ಕಬ್ಬಿಣವನ್ನು ಬುತ್ತಿಯಾಗಿ ಕಟ್ಟಿಕೊಟ್ಟಂತಾಯಿತು. ಅದರಲ್ಲಿ ಹೆಚ್ಚಿನ ಭಾಗ ರಕ್ತದ ಹೀಮೋಗ್ಲೋಬಿನ್‌ನಲ್ಲಿದೆ. ಹುಟ್ಟಿದ ಮೇಲೆ ಹೀಮೋಗ್ಲೋಬಿನ್ ಇಳಿದಂತೆ ಬಿಡುಗಡೆಯಾಗುವ ಕಬ್ಬಿಣವನ್ನು ಶರೀರವು ಕೂಡಿಟ್ಟು ಬಳಸುತ್ತದೆ. ಹೊಕ್ಕುಳ ಬಳ್ಳಿಯನ್ನು ಹೆರಿಗೆಯಾದೊಡನೆ ಕತ್ತರಿಸದೆ ಒಂದು ನಿಮಿಷವಾದರೂ ತಡೆದರೆ ಈ ಬುತ್ತಿ ಇನ್ನಷ್ಟು ದೊಡ್ಡದಾಗುತ್ತದೆ.

ಆದರೂ ಆರು ತಿಂಗಳ ಹೊತ್ತಿಗೆ ಈ ಬುತ್ತಿ ಖಾಲಿಯಾಗುತ್ತ ಬರುತ್ತದೆ. ಆಗ ಬೆಳೆಯುವ ಮಗುವಿನ ದೇಹಕ್ಕೆ ದಿನಕ್ಕೆ ಸುಮಾರು 0.7 ಮಿಲಿಗ್ರಾಮ್ ಕಬ್ಬಿಣ ಹೀರಿಕೆಯಾಗಬೇಕು. ಎದೆಹಾಲಿನ ಒಂದು ಲೀಟರಿನಲ್ಲಿ ಇರುವುದು ಸುಮಾರು 0.35 ಮಿಲಿಗ್ರಾಮ್. ಮಗು ದಿನಕ್ಕೆ ಮುಕ್ಕಾಲು ಲೀಟರ್ ಕುಡಿದರೆ ದೊರೆಯುವುದು 0.26 ಮಿಲಿಗ್ರಾಮ್. ಅದಷ್ಟೂ ಹೀರಿಕೆಯಾಯಿತೆಂದು ಇಟ್ಟುಕೊಂಡರೂ ಅಗತ್ಯದ ಮೂರನೆಯ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಮಾತ್ರ. ಇದು ತಾಯಿಯ ಹಾಲಿನ ದೋಷವಲ್ಲ. ಮಗು ಬೆಳೆದಿದೆ ಎಂಬುದರ ಗುರುತು.

ಶಕ್ತಿಯ ವಿಷಯದಲ್ಲಿಯೂ ಹೀಗೆಯೇ. ಆರರಿಂದ ಎಂಟು ತಿಂಗಳ ಮಗುವಿಗೆ ದಿನಕ್ಕೆ ಸುಮಾರು 615 ಕ್ಯಾಲೊರಿ ಬೇಕು. ನಮ್ಮಂಥ ದೇಶಗಳಲ್ಲಿ ಎದೆಹಾಲಿನಿಂದ ಸರಾಸರಿ 413 ಕ್ಯಾಲೊರಿ ಸಿಗುತ್ತದೆ. ಉಳಿದ 200 ಕ್ಯಾಲೊರಿ ಬೇರೆ ಆಹಾರದಿಂದ ಬರಬೇಕು. ಒಂಬತ್ತರಿಂದ ಹನ್ನೊಂದು ತಿಂಗಳಲ್ಲಿ ಈ ಪಾಲು 300ಕ್ಕೆ, ಎರಡನೆಯ ವರ್ಷದಲ್ಲಿ 550ಕ್ಕೆ ಏರುತ್ತದೆ. ಎರಡನೆಯ ವರ್ಷದಲ್ಲಿಯೂ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಶಕ್ತಿಯನ್ನು ಎದೆಹಾಲೇ ಕೊಡುತ್ತದೆಂಬುದನ್ನು ಮರೆಯಬಾರದು. ಹೊಸ ಆಹಾರ ಹಾಲಿನ ಜಾಗದಲ್ಲಿ ಬರುವುದಲ್ಲ, ಹಾಲಿನ ಜೊತೆಗೆ ಬರುವುದು.

ತೆಳು ಗಂಜಿಯ ಮೋಸ

ಕೂಸಿಗೆ ಜೀರ್ಣವಾಗಲೆಂದು ಮನೆಯ ಹಿರಿಯರು ಗಂಜಿಯನ್ನು ನೀರಿನಂತೆ ತೆಳ್ಳಗೆ ಮಾಡುತ್ತಾರೆ. ಅವರ ಉದ್ದೇಶ ಒಳ್ಳೆಯದೇ. ಆದರೆ ಲೆಕ್ಕ ಹಾಕಿದಾಗ ಫಲ ಬೇರೆಯಾಗಿ ಕಾಣುತ್ತದೆ.

ಜೋಳದ ಹಿಟ್ಟಿನ 100 ಗ್ರಾಮಿನಲ್ಲಿ ಸುಮಾರು 350 ಕ್ಯಾಲೊರಿ ಇದೆ. 100 ಗ್ರಾಮ್ ಗಂಜಿಯಲ್ಲಿ ಹಿಟ್ಟು 5 ಗ್ರಾಮ್ ಮಾತ್ರವಿದ್ದರೆ ಆ ಗಂಜಿಯ ಶಕ್ತಿ 17 ಕ್ಯಾಲೊರಿ ಅಷ್ಟೆ. ಇದರಿಂದ 200 ಕ್ಯಾಲೊರಿ ಪಡೆಯಲು ಮಗು ಒಂದು ಕಿಲೋಗ್ರಾಮಿಗಿಂತ ಹೆಚ್ಚು ಗಂಜಿ ಕುಡಿಯಬೇಕು. ಮಗುವಿನ ಜಠರವಾದರೋ ಕಿಲೋಗ್ರಾಮ್ ತೂಕಕ್ಕೆ ಸುಮಾರು 30 ಗ್ರಾಮ್ ಹಿಡಿಯುತ್ತದೆ; ಎಂಟು ಕಿಲೋಗ್ರಾಮಿನ ಮಗುವಿಗೆ 240 ಗ್ರಾಮ್ ಆಯಿತು. ಎಂದರೆ ದಿನಕ್ಕೆ ಐದು ಸಲ ಹೊಟ್ಟೆ ಬಿರಿಯುವಂತೆ ಕುಡಿಸಬೇಕು! ಹಾಗೆ ಮಾಡಿದರೆ ಎದೆಹಾಲಿಗೆ ಜಾಗವೇ ಉಳಿಯದು. ಹೊಟ್ಟೆ ತುಂಬಿದ ಮಗು ಅಳುವುದಿಲ್ಲ; ಅಳದ ಮಗು ಹಸಿದಿಲ್ಲವೆಂದು ಮನೆಯವರು ನಂಬುತ್ತಾರೆ. ಹೀಗೆ ಕಾಳು ತುಂಬಿದ ಮನೆಯಲ್ಲಿಯೂ ಕೂಸು ಬಡವಾಗುತ್ತದೆ.

ಹಿಟ್ಟನ್ನು 20 ಗ್ರಾಮಿಗೆ ಏರಿಸಿದರೆ 100 ಗ್ರಾಮಿಗೆ 70 ಕ್ಯಾಲೊರಿಯಾಗುತ್ತದೆ. ಅದಕ್ಕೆ ದಿನದಲ್ಲಿ 5 ಗ್ರಾಮ್, ಎಂದರೆ ಒಂದು ಚಿಕ್ಕ ಚಮಚೆ, ತುಪ್ಪ ಬೆರೆಸಿದರೆ ಇನ್ನೂ 45 ಕ್ಯಾಲೊರಿ ಬಂತು. ಆಗ 220 ಗ್ರಾಮ್ ಆಹಾರವನ್ನು ಎರಡು ಮೂರು ಸಲ ಹಂಚಿ ಕೊಟ್ಟರೆ ಸಾಕು. ಚಮಚೆಯನ್ನು ಓರೆ ಮಾಡಿದಾಗ ಸುರಿದುಹೋಗದೆ ನಿಲ್ಲುವಷ್ಟು ಗಟ್ಟಿಯಾಗಿರಬೇಕೆಂಬುದು ಸುಲಭವಾದ ಪರೀಕ್ಷೆ.

ಮೊಳಕೆಯ ಉಪಾಯ

ಇಲ್ಲಿ ಒಂದು ತೊಡಕಿದೆ. ಪಿಷ್ಟದ ಕಣಗಳು ಬಿಸಿನೀರಿನಲ್ಲಿ ನೀರನ್ನು ಹೀರಿ ಉಬ್ಬುತ್ತವೆ. 20 ಗ್ರಾಮ್ ಹಿಟ್ಟಿನ ಗಂಜಿ ಮುದ್ದೆಯಂತಾಗಿ ಎಳೆಯ ಮಗುವಿಗೆ ನುಂಗಲು ಕಷ್ಟವಾಗುತ್ತದೆ. ಈ ತೊಡಕನ್ನು ಬಿಡಿಸುವ ಉಪಾಯ ಕಾಳಿನೊಳಗೇ ಅಡಗಿದೆ. ಬೀಜ ಮೊಳೆಯುವಾಗ ತನ್ನಲ್ಲಿ ಕೂಡಿಟ್ಟ ಪಿಷ್ಟವನ್ನು ಕರಗಿಸಿ ಸಸಿಗೆ ಉಣಿಸಲು ಅಮೈಲೇಸ್ ಕಿಣ್ವವನ್ನು ತಯಾರಿಸುತ್ತದೆ. ರಾಗಿಯನ್ನು ಒಂದು ರಾತ್ರಿ ನೆನೆಹಾಕಿ, ಎರಡು ದಿನ ಬಟ್ಟೆಯಲ್ಲಿ ಕಟ್ಟಿ ಮೊಳೆಯಿಸಿ, ಒಣಗಿಸಿ, ಮೊಳಕೆಯನ್ನು ತಿಕ್ಕಿ ತೆಗೆದು, ಹದವಾಗಿ ಬಿಸಿಮಾಡಿ ಬೀಸಿದರೆ ಕಿಣ್ವಯುಕ್ತವಾದ ಹಿಟ್ಟು ಸಿದ್ಧವಾಗುತ್ತದೆ. ಕಡುವಾಗಿ ಹುರಿದರೆ ಕಿಣ್ವ ನಾಶವಾಗುತ್ತದೆ.

ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ಸಂಶೋಧನಾಲಯದ ಎನ್. ಜಿ. ಮಲ್ಲೇಶಿ ಮತ್ತು ಎಚ್. ಎಸ್. ಆರ್. ದೇಶಿಕಾಚಾರ್ ಅವರು ಮೊಳೆಯಿಸಿದ ರಾಗಿ ಮತ್ತು ಹೆಸರುಕಾಳುಗಳಿಂದ ತೆಳುವಾದರೂ ಸತ್ವಯುತವಾದ ಶಿಶು ಆಹಾರವೊಂದನ್ನು ರೂಪಿಸಿ 1982ರಲ್ಲಿ ಪ್ರಕಟಿಸಿದರು. ಇದರ ತತ್ತ್ವವನ್ನು ವಿದ್ಯಾರ್ಥಿಗಳು ತಾವೇ ಪರೀಕ್ಷಿಸಬಹುದು. ಗಟ್ಟಿಯಾದ ಗಂಜಿಯನ್ನು ಎರಡು ಬಟ್ಟಲುಗಳಿಗೆ ಹಾಕಿ, ಬೆರಳಿಗೆ ತಾಳುವುದಕ್ಕಿಂತ ತುಸು ಹೆಚ್ಚು ಬಿಸಿಯಿರುವಾಗ ಒಂದಕ್ಕೆ ಮೊಳಕೆ ಹಿಟ್ಟಿನ ಒಂದು ಚಿಟಿಕೆಯನ್ನು ಸೇರಿಸಿ ಕದಡಿರಿ. ಕೆಲವೇ ನಿಮಿಷಗಳಲ್ಲಿ ಅದು ತೆಳ್ಳಗಾಗುತ್ತದೆ. ಮತ್ತೊಂದು ಹಾಗೆಯೇ ಉಳಿಯುತ್ತದೆ. ನೀರು ಸೇರಿಸಿಲ್ಲವಾದುದರಿಂದ ಶಕ್ತಿ ಕುಗ್ಗಿಲ್ಲ. ಮಗುವಿಗೆ ಕೊಡುವುದಾದರೆ, ತೆಳ್ಳಗಾದ ಮೇಲೆ ಮತ್ತೊಮ್ಮೆ ಕುದಿಸಬೇಕು.

ಆದರೆ ಈ ಉಪಾಯಕ್ಕೆ ಜೋಳವನ್ನು ಮೊಳೆಯಿಸಲು ಹೋಗಬಾರದು. ಎಳೆಯ ಜೋಳದ ಸಸಿಯನ್ನೋ ಕೂಳೆಯನ್ನೋ ಮೇದ ದನಗಳು ಸಾಯುವುದನ್ನು ಈ ಸೀಮೆಯ ರೈತರು ಬಲ್ಲರು. ಅದಕ್ಕೆ ಕಾರಣ ಧುರಿನ್ ಎಂಬ ವಸ್ತು; ಅದರಿಂದ ಸಯನೈಡ್ ವಿಷ ಹೊರಬರುತ್ತದೆ. ಜೋಳದ ಮೊಳಕೆಯಲ್ಲಿಯೂ ಅದು ಉಂಟಾಗುತ್ತದೆ. ಒಣಗಿದ ಕಾಳಿನಲ್ಲಿ ಈ ಭಯವಿಲ್ಲ; ರೊಟ್ಟಿಯೂ ಗಂಜಿಯೂ ನಿರಪಾಯ.

ಜೋಳಕ್ಕೆ ಬೇಳೆಯ ಜೊತೆ

ಜೋಳದಲ್ಲಿ ನೂರಕ್ಕೆ ಹತ್ತರಷ್ಟು ಸಸಾರಜನಕವಿದ್ದರೂ ಲೈಸಿನ್ ಎಂಬ ಆಮಿನೋ ಆಮ್ಲ ಅದರಲ್ಲಿ ಬಹಳ ಕಡಿಮೆ. ಹೆಸರುಬೇಳೆಯಲ್ಲಿ ಲೈಸಿನ್ ಹೇರಳ. ಅದರಲ್ಲಿ ಕೊರತೆಯಾದ ಗಂಧಕಯುಕ್ತ ಆಮಿನೋ ಆಮ್ಲಗಳನ್ನು ಧಾನ್ಯ ಒದಗಿಸುತ್ತದೆ. ಮೂರು ಪಾಲು ಧಾನ್ಯಕ್ಕೆ ಒಂದು ಪಾಲು ಬೇಳೆ ಸೇರಿದರೆ ಒಂದರ ಕುಂದನ್ನು ಇನ್ನೊಂದು ತುಂಬುತ್ತದೆ. ಪೆರು ದೇಶದ ಮಕ್ಕಳನ್ನು ಕುರಿತು 1981ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬೇಯಿಸಿದ ಜೋಳದ ಗಂಜಿಯ ಸಸಾರಜನಕದಲ್ಲಿ ಅರ್ಧಕ್ಕಿಂತ ಕಡಿಮೆ ಭಾಗ ಮಾತ್ರ ಮೈಗೆ ಹತ್ತಿತೆಂದು ಕಂಡುಬಂತು. ಜೋಳವೊಂದನ್ನೇ ನಂಬಬಾರದೆಂಬುದಕ್ಕೆ ಇದು ಮತ್ತೊಂದು ಕಾರಣ. ಜೋಳದ ನುಚ್ಚು, ಹೆಸರುಬೇಳೆಗಳನ್ನು ಮೆತ್ತಗೆ ಬೇಯಿಸಿ ಹಿಸುಕಿ, ತುಪ್ಪ, ಬೆಂದ ನುಗ್ಗೆಸೊಪ್ಪು ಅಥವಾ ಗಜ್ಜರಿ ಬೆರೆಸಿದರೆ ಉತ್ತಮ ಆಹಾರವಾಗುತ್ತದೆ. ನಿಂಬೆರಸದ ಹನಿಗಳು ಕಾಳುಸೊಪ್ಪುಗಳ ಕಬ್ಬಿಣ ಹೀರಿಕೆಯಾಗಲು ನೆರವಾಗುತ್ತವೆ. ಮೊಟ್ಟೆ, ಮೀನು, ಮಾಂಸ ತಿನ್ನುವ ಮನೆಗಳಲ್ಲಿ ಅವನ್ನು ಚೆನ್ನಾಗಿ ಬೇಯಿಸಿ ಆರು ತಿಂಗಳ ಬಳಿಕ ಕೊಡಬಹುದು. ಶಾಕಾಹಾರಿ ಮನೆಗಳಲ್ಲಿ ಕಬ್ಬಿಣದ ಕೊರತೆಯ ಬಗ್ಗೆ ಹೆಚ್ಚಿನ ಎಚ್ಚರ ಬೇಕು. 2018ರಲ್ಲಿ ಆರಂಭವಾದ ರಕ್ತಹೀನತೆ ಮುಕ್ತ ಭಾರತ ಯೋಜನೆಯಲ್ಲಿ ಆರು ತಿಂಗಳು ದಾಟಿದ ಮಕ್ಕಳಿಗೆ ವಾರಕ್ಕೆ ಎರಡು ಸಲ ಕಬ್ಬಿಣದ ದ್ರವವನ್ನು ಕೊಡುವ ಏರ್ಪಾಡಿದೆ.

ಕ್ರಮ ಮತ್ತು ಎಚ್ಚರಿಕೆ

ಮೊದಲ ದಿನಗಳಲ್ಲಿ ಎರಡು ಮೂರು ಚಮಚೆ ಸಾಕು. ಆರರಿಂದ ಎಂಟು ತಿಂಗಳಲ್ಲಿ ದಿನಕ್ಕೆ ಎರಡು ಮೂರು ಸಲ, ಒಂಬತ್ತರ ಬಳಿಕ ಮೂರು ನಾಲ್ಕು ಸಲ ಉಣಿಸಬೇಕು. ಮೊದಲು ಹಿಸುಕಿದುದು, ಎಂಟು ತಿಂಗಳಿಗೆ ಕೈಯಲ್ಲಿ ಹಿಡಿದು ತಿನ್ನುವ ಮೆತ್ತಗಿನ ತುಣುಕುಗಳು, ವರ್ಷ ತುಂಬಿದಾಗ ಮನೆಮಂದಿಯ ಊಟ, ಖಾರ ಹಾಕುವ ಮುನ್ನ ತೆಗೆದಿಟ್ಟದ್ದು. ಉಗುಳಿದೊಡನೆ ಬಿಟ್ಟುಬಿಡಬಾರದು, ಹೊಸ ರುಚಿಯನ್ನು ಎಂಟು ಹತ್ತು ಸಲ ತೋರಿಸಿದ ಮೇಲೆಯೇ ಎಷ್ಟೋ ಮಕ್ಕಳು ಒಪ್ಪುತ್ತವೆ. ಹಾಗೆಂದು ಮೂಗು ಹಿಡಿದು ಬಾಯಿಗೆ ಸುರಿಯುವುದು ಅಪಾಯಕರ. ಕಾಯಿಲೆಯಲ್ಲಿ ಎದೆಹಾಲನ್ನೂ ಆಹಾರವನ್ನೂ ನಿಲ್ಲಿಸದೆ, ಗುಣವಾದ ಮೇಲೆ ಒಂದೆರಡು ವಾರ ಹೆಚ್ಚಾಗಿ ಉಣಿಸಬೇಕು.

ಒಂದು ವರ್ಷದವರೆಗೆ ಜೇನುತುಪ್ಪ ಬೇಡ. ಅದರಲ್ಲಿರಬಹುದಾದ ಬಾಟ್ಯುಲಿನಮ್ ಜೀವಾಣುವಿನ ಬೀಜಕಣಗಳು ಶಿಶುವಿನ ಕರುಳಿನಲ್ಲಿ ಬೆಳೆದು ವಿಷ ಹುಟ್ಟಿಸಬಲ್ಲವು. ಆಕಳ ಅಥವಾ ಎಮ್ಮೆಯ ಹಾಲು ಆ ವಯಸ್ಸಿನವರೆಗೆ ಮುಖ್ಯ ಪಾನೀಯವಾಗಬಾರದು. ಉಪ್ಪು, ಸಕ್ಕರೆ, ಬೆಲ್ಲಗಳ ಅಗತ್ಯವಿಲ್ಲ. ಇಡೀ ಶೇಂಗಾ ಬೀಜ, ಪುಟಾಣಿಗಳು ಗಂಟಲಿಗೆ ಸಿಕ್ಕಿ ಪ್ರಾಣ ತೆಗೆಯಬಲ್ಲವು. ಬೂಸ್ಟು ಹಿಡಿಯದ ಶೇಂಗಾವನ್ನು ನುಣ್ಣಗೆ ಅರೆದು ಗಂಜಿಯಲ್ಲಿ ಬೆರೆಸಬಹುದು.

ಹೊಸ ಆಹಾರದೊಡನೆ ಹೊಸ ರೋಗಾಣುಗಳೂ ಹೊಟ್ಟೆ ಸೇರುವ ಸಂಭವವುಂಟು. ಕೈಗಳನ್ನು ಸಾಬೂನಿನಿಂದ ತೊಳೆದು, ಆಗ ತಾನೇ ಬೇಯಿಸಿದುದನ್ನು ಉಣಿಸಬೇಕು. ಬೆಳಗಿನ ಗಂಜಿಯನ್ನು ಸಂಜೆಯವರೆಗೆ ಇಡಬಾರದು. ಒಳಲೆಯ ಕಿರಿದಾದ ಮೂತಿಯನ್ನೂ ಬಾಟಲಿಯ ತೊಟ್ಟನ್ನೂ ಶುದ್ಧಿಮಾಡುವುದು ಕಷ್ಟ. ಬಟ್ಟಲು ಚಮಚೆಗಳೇ ಲೇಸು.

ಇಳಕಲ್ಲದ ಮಗ್ಗದ ಮನೆಯಲ್ಲಾಗಲಿ, ಹೊಲದ ಕೆಲಸಕ್ಕೆ ಹೋಗುವ ಮನೆಯಲ್ಲಾಗಲಿ, ದಿನಕ್ಕೆ ಮೂರು ನಾಲ್ಕು ಸಲ ಕೂಸಿಗೆ ಉಣಿಸುವ ಬಿಡುವು ತಾಯಿಯೊಬ್ಬಳಿಗೆ ದೊರೆಯುವುದು ಕಷ್ಟ. ಅಜ್ಜಿ, ತಂದೆ, ಅಕ್ಕ, ಅಣ್ಣಂದಿರು ಈ ಕೆಲಸವನ್ನು ಹಂಚಿಕೊಳ್ಳಬೇಕು. 1975ರಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಗಳು ಇಂದು ಊರೂರಿನಲ್ಲಿಯೂ ಇವೆ. ಅಲ್ಲಿ ಮಗುವನ್ನು ತಿಂಗಳಿಗೊಮ್ಮೆ ತೂಗಿಸಿ, ತೂಕದ ರೇಖೆ ಏರುತ್ತಿದೆಯೇ ಎಂದು ನೋಡಬೇಕು. ರೇಖೆಯನ್ನು ಓದಬಲ್ಲ ವಿದ್ಯಾರ್ಥಿ ಮನೆಯಲ್ಲಿದ್ದರೆ, ಎರಡು ತಿಂಗಳು ಅದು ಮೇಲೇರದೆ ನಿಂತಾಗ ಮೊದಲು ನೋಡಬೇಕಾದುದು ಮಗುವಿನ ಬಟ್ಟಲನ್ನು: ಅದರಲ್ಲಿರುವ ಗಂಜಿ ಚಮಚೆಯಲ್ಲಿ ನಿಲ್ಲುತ್ತದೆಯೇ, ಅದರಲ್ಲಿ ಬೇಳೆ ಇದೆಯೇ, ದಿನಕ್ಕೆ ಎಷ್ಟು ಸಲ ಅದು ತುಂಬುತ್ತದೆ? ಇವೆಲ್ಲ ಸರಿಯಾಗಿದ್ದೂ ತೂಕ ಏರದಿದ್ದರೆ ವೈದ್ಯರಲ್ಲಿಗೆ ಕರೆದೊಯ್ಯಲು ತಡಮಾಡಬಾರದು.